ಬ್ಲಡ್ ಬ್ಯಾಂಕ್ ಲ್ಯಾಬಿಗೆ ಮೆಷಿನ್ ಬಂದ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೌಂಟರಿನ ಕಿಟಕಿ ಹತ್ತಿರ ನಿಂತು ರೋಗಿಯ ಕಡೆಯವರು ಕೇಳುವ ಪ್ರಶ್ನೆ ಒಂದು ಥರ. ಕ್ಯಾಂಪಿನಲ್ಲಿ ರಕ್ತ ಕೊಟ್ಟು ಬಿಸ್ಕತ್ತು ತಿನ್ನುತ್ತಾ ದಾನಿಗಳು ಕೇಳುವುದು ಇನ್ನೊಂದು ಥರ. ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮುಗಿಸಿ ಹೊಸದಾಗಿ ಬಂದ ಹುಡುಗ ಹುಡುಗಿಯರದು ಮತ್ತೊಂದು. ಮೂರನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ನಾನು ಟೈಲ್ ಮೇಲೆ ಹನಿ ಬೆರೆಸಿ ಗ್ರೂಪಿಂಗ್ (ರಕ್ತದ ಗುಂಪು ನೋಡುವುದು) ಕಲಿತವನು, ಈಗ ಅದೇ ಕೆಲಸವನ್ನು ತಾನೇ ಮಾಡುವ ಮೆಷಿನ್ ಮುಂದೆ ಕೂರುವವನು. ಹಾಗಾಗಿ ಎರಡರ ಪರವಾಗಿಯೂ ಸ್ವಲ್ಪ ಸ್ವಲ್ಪ ಮಾತಾಡುತ್ತೇನೆ. ಸರ್ಕಾರದ ನಿಯಮಗಳಲ್ಲಿ 2020ರಿಂದ ‘ಬ್ಲಡ್ ಬ್ಯಾಂಕ್’ ಹೋಗಿ ‘ಬ್ಲಡ್ ಸೆಂಟರ್’ ಬಂದಿದೆ. ಜನರ ಬಾಯಲ್ಲಿ ಮಾತ್ರ ಇನ್ನೂ ಬ್ಲಡ್ ಬ್ಯಾಂಕೇ. ಇಲ್ಲೂ ಹಾಗೇ ಇರಲಿ.

ರಕ್ತ ತೆಗೆದು ಫ್ರಿಜ್‌ನಲ್ಲಿಟ್ಟರೆ ಆಯ್ತಲ್ವಾ? ಅಷ್ಟೊಂದು ಟೆಸ್ಟ್ ಯಾವುದು?

ದಾನಿಯ ರಕ್ತಕ್ಕೆ ಮೊದಲು ಎಬಿಓ ಗ್ರೂಪ್ ನೋಡಬೇಕು, ಪಾಸಿಟಿವೋ ನೆಗೆಟಿವೋ ನೋಡಬೇಕು. ಆಮೇಲೆ ಐದು ಸೋಂಕಿನ ಟೆಸ್ಟ್ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಇವೆಲ್ಲ ಮುಗಿಯುವ ತನಕ ಬ್ಯಾಗ್ ಬೇರೆ ಫ್ರಿಜ್‌ನಲ್ಲಿ ಇರುತ್ತದೆ. ಯಾರೇ ಬಂದು ಕೇಳಿದರೂ ಅದನ್ನು ಕೊಡುವಂತಿಲ್ಲ. ಇನ್ನು ರೋಗಿಯ ಸ್ಯಾಂಪಲ್ ಬಂದಾಗ ಅವರ ಗ್ರೂಪ್, ಆಮೇಲೆ ಕ್ರಾಸ್‌ಮ್ಯಾಚ್, ಅಂದರೆ ದಾನಿಯ ರಕ್ತದ ಜೊತೆ ಬೆರೆಸಿ ಹೊಂದುತ್ತದಾ ಎಂದು ನೋಡುವುದು. ಅನುಕೂಲ ಇರುವ ಕಡೆ ಆಂಟಿಬಾಡಿ ಸ್ಕ್ರೀನಿಂಗ್ ಕೂಡ, ಅಂದರೆ ಬೇರೆಯವರ ಕಣಕ್ಕೆ ಅಂಟಿ ಅದನ್ನು ವಿರೋಧಿಸುವ ಪ್ರೋಟೀನ್ (ಆಂಟಿಬಾಡಿ) ರೋಗಿಯಲ್ಲಿ ಇದೆಯಾ ಎಂದು ಹುಡುಕುವುದು.

ಲೆಕ್ಕ ಹಾಕಿ ನೋಡಿ. ಒಬ್ಬ ದಾನಿಯ ಗ್ರೂಪಿಂಗ್‌ಗೇ ಕಡಿಮೆಯೆಂದರೂ ಆರು ಟ್ಯೂಬ್ ಬೇಕು. ಆಯಾ ಗುರುತಿರುವ ಕಣವನ್ನು ಗಂಟಾಗಿಸುವ ಆಂಟಿ-ಎ, ಆಂಟಿ-ಬಿ, ಆಂಟಿ-ಡಿ ದ್ರಾವಣಗಳದು ಮೂರು (ಡಿ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್). ಗ್ರೂಪ್ ಗೊತ್ತಿರುವ ಕೆಂಪು ಕಣ, ಅಂದರೆ ಎ ಸೆಲ್, ಬಿ ಸೆಲ್, ಓ ಸೆಲ್ ಮೂರು. ಕ್ಯಾಂಪಿನಿಂದ 100 ಬ್ಯಾಗ್ ಬಂದರೆ 600 ಟ್ಯೂಬ್. ಪ್ರತಿಯೊಂದಕ್ಕೂ ನಂಬರ್ ಬರೆಯಬೇಕು, ಹನಿ ಹಾಕಬೇಕು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಜೋರಾಗಿ ತಿರುಗಿಸಬೇಕು, ಬೆಳಕಿಗೆ ಹಿಡಿದು ಅಲ್ಲಾಡಿಸಿ ಕಣಗಳು ಗಂಟಾಗಿವೆಯಾ (ಇದೇ ರಿಯಾಕ್ಷನ್) ಎಂದು ನೋಡಬೇಕು, ಬರೆದಿಡಬೇಕು.

ಕೈಯಲ್ಲಿ ಮಾಡಿದರೆ ಏನು ತೊಂದರೆ? ಇಷ್ಟು ವರ್ಷ ಹಾಗೇ ತಾನೆ ನಡೆದಿದ್ದು?

ನಡೆದಿದೆ, ಚೆನ್ನಾಗಿಯೇ ನಡೆದಿದೆ. ಟ್ಯೂಬ್ ವಿಧಾನದಲ್ಲಿ ಪಳಗಿದ ಟೆಕ್ನಿಷಿಯನ್ ಕಣ್ಣಿಗೆ ಕಾಣದ ರಿಯಾಕ್ಷನ್ ಕಡಿಮೆ. ಆದರೆ ಆ ಕಣ್ಣಿಗೂ ನಿದ್ದೆ ಬರುತ್ತದೆ.

ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಆಗ ನಾನು ಕೆಲಸಕ್ಕಿದ್ದ ಕಡೆ ಒಂದು ಭಾನುವಾರ ದೊಡ್ಡ ಕ್ಯಾಂಪ್. ಗ್ರೂಪಿಂಗ್ ಮುಗಿಸುವಾಗ ರಾತ್ರಿ ಹನ್ನೊಂದೂವರೆ. ಟ್ಯೂಬುಗಳನ್ನು ಸರಿಯಾಗಿಯೇ ಓದಿದ್ದೆ. ರಿಜಿಸ್ಟರಿಗೆ ಇಳಿಸುವಾಗ ಒಂದು ಸಾಲು ಜಾರಿತು. 41ರ ಬಿ ಪಾಸಿಟಿವ್ 42ರ ಮುಂದೆ, 42ರ ಓ ಪಾಸಿಟಿವ್ 43ರ ಮುಂದೆ, ಹಾಗೇ ಕೆಳಗಿನವರೆಗೆ. ಬೆಳಿಗ್ಗೆ ಲೇಬಲ್ ಹಚ್ಚುವ ಮುಂಚೆ ನಮ್ಮ ಸೀನಿಯರ್ ಮೇಡಂ ಬ್ಯಾಗಿನ ಪೈಪಿನ ತುಂಡು ಕತ್ತರಿಸಿ ಮತ್ತೊಮ್ಮೆ ಗ್ರೂಪ್ ನೋಡಿದರು. ಮೂರನೇ ಬ್ಯಾಗಿಗೇ ಸಿಕ್ಕಿಬಿತ್ತು. ಅವರು ಬೈಯಲಿಲ್ಲ. ನನ್ನ ರಿಜಿಸ್ಟರ್ ಮೇಲೆ ಒಂದು ಸ್ಟೀಲ್ ಸ್ಕೇಲ್ ಇಟ್ಟು ಹೋದರು. ಆಮೇಲೆ ಸ್ಕೇಲ್ ಇಡದೆ ನಾನು ಒಂದು ಸಾಲೂ ಬರೆದಿಲ್ಲ.

ಮೆಷಿನ್ ಮೊದಲು ತೆಗೆದುಹಾಕುವುದು ಇಂಥ ತಪ್ಪನ್ನೇ. ಟ್ಯೂಬಿನ ಬಾರ್‌ಕೋಡ್ ಓದುತ್ತದೆ, ಫಲಿತಾಂಶವನ್ನು ಅದೇ ನಂಬರಿಗೆ ಸೇರಿಸಿ ಕಂಪ್ಯೂಟರಿಗೆ ಕಳಿಸುತ್ತದೆ. ನಡುವೆ ಪೆನ್ನಿಲ್ಲ, ಸಾಲು ಜಾರುವ ಮಾತಿಲ್ಲ. ರಿಯಾಕ್ಷನ್ನನ್ನು ಮನುಷ್ಯನಿಗಿಂತ ಚೆನ್ನಾಗಿ ಓದುತ್ತದೆ ಅನ್ನುವುದು ನನ್ನ ಮಟ್ಟಿಗೆ ಎರಡನೇ ಲಾಭ.

ಮೆಷಿನ್ ಒಳಗೆ ನಿಜವಾಗಿ ಏನು ನಡೆಯುತ್ತದೆ?

ನಾವು ಕೈಯಲ್ಲಿ ಮಾಡುತ್ತಿದ್ದುದೇ. ಸ್ಯಾಂಪಲ್ ಟ್ಯೂಬುಗಳನ್ನು ಸೆಂಟ್ರಿಫ್ಯೂಜ್ ಮಾಡಿ ರ‍್ಯಾಕಿನಲ್ಲಿ ಇಡುತ್ತೇವೆ. ಮೆಷಿನ್ನಿನ ಸೂಜಿ ಕೆಳಗಿಳಿದು ಕೆಂಪು ಕಣ ಸ್ವಲ್ಪ, ಮೇಲಿನ ಪ್ಲಾಸ್ಮಾ ಸ್ವಲ್ಪ ಹೀರುತ್ತದೆ. ಕಣವನ್ನು ದ್ರಾವಣದಲ್ಲಿ ತೆಳ್ಳಗೆ ಮಾಡಿ ಕಾರ್ಡಿನ ಕಿಂಡಿಗಳಿಗೆ ಹಾಕುತ್ತದೆ. ಬೇಕಾದರೆ 37 ಡಿಗ್ರಿಯಲ್ಲಿ ಬೆಚ್ಚಗೆ ಇಡುತ್ತದೆ. ಆಮೇಲೆ ತಿರುಗಿಸುತ್ತದೆ, ಫೋಟೋ ತೆಗೆಯುತ್ತದೆ. ಪ್ರತಿ ಸ್ಯಾಂಪಲ್‌ಗೂ ಅದೇ ಅಳತೆ, ಅದೇ ಸಮಯ.

ಹೆಚ್ಚಿನ ಕಡೆ ಇರುವುದು ಜೆಲ್ ಕಾರ್ಡ್. ಹೆಚ್ಚುಕಡಿಮೆ ಕ್ರೆಡಿಟ್ ಕಾರ್ಡ್‌ನಷ್ಟು ಅಗಲದ ಒಂದು ಪ್ಲಾಸ್ಟಿಕ್ ತುಂಡು, ಅದರಲ್ಲಿ ಸಣ್ಣ ಸಣ್ಣ ಆರೋ ಎಂಟೋ ನಳಿಕೆ, ನಳಿಕೆಯೊಳಗೆ ಜೆಲ್. ರಾಗಿ ಹಿಟ್ಟು ಜರಡಿ ಹಿಡಿದದ್ದು ನೋಡಿದ್ದೀರಲ್ಲ, ನುಣ್ಣಗಿನದು ಕೆಳಗೆ ಬೀಳುತ್ತದೆ, ಗಂಟು ಮೇಲೆ ನಿಲ್ಲುತ್ತದೆ. ಇಲ್ಲೂ ಹಾಗೇ. ಒಂದಕ್ಕೊಂದು ಅಂಟಿಕೊಂಡ ಕೆಂಪು ಕಣಗಳ ಗಂಟು ಜೆಲ್ ಮೇಲೆ ಕೆಂಪು ಗೆರೆಯಾಗಿ ನಿಂತರೆ 4+, ಅಂದರೆ ಗಟ್ಟಿ ಪಾಸಿಟಿವ್. ಅಂಟದ ಕಣಗಳು ಜಾರಿ ತಳದಲ್ಲಿ ಗುಂಡಿಯಂತೆ ಕೂತರೆ ನೆಗೆಟಿವ್. ನಡುವೆ ಅಲ್ಲಲ್ಲಿ ಸಿಕ್ಕಿಕೊಂಡರೆ 1+, 2+, 3+. ಫ್ರಾನ್ಸಿನ ಇವ್ ಲಪಿಯೆರ್ 1980ರ ದಶಕದಲ್ಲಿ ಹುಡುಕಿದ ಉಪಾಯ ಇದು. ಟ್ಯೂಬನ್ನು ಅಲ್ಲಾಡಿಸುವ ಕೈ ಮೇಲೆ ಫಲಿತಾಂಶ ನಿಲ್ಲದ ಹಾಗೆ ಆಯಿತು. ಫೋಟೋದಲ್ಲಿ ನೋಡಿ ತೀರ್ಮಾನಿಸಬಹುದು ಎಂದ ಮೇಲೆ ಮೆಷಿನ್ನಿಗೆ ದಾರಿ ಸುಲಭವಾಯಿತು.

ಇನ್ನೊಂದು ದೊಡ್ಡ ಅನುಕೂಲ ಕೂಂಬ್ಸ್ ಟೆಸ್ಟ್‌ನಲ್ಲಿ, ಅಂದರೆ ಕಣಕ್ಕೆ ಅಂಟಿದ್ದರೂ ತಾನಾಗಿ ಗಂಟು ಕಟ್ಟಿಸದ ಆಂಟಿಬಾಡಿಯನ್ನು ಹಿಡಿಯುವ ಟೆಸ್ಟ್‌ನಲ್ಲಿ. 1945ರಲ್ಲಿ ಬಂದ ಈ ಟೆಸ್ಟ್‌ಗೆ ಟ್ಯೂಬ್ ವಿಧಾನದಲ್ಲಿ ಕಣಗಳನ್ನು ಸಲೈನ್‌ನಲ್ಲಿ ಮೂರು ಸಲ ತೊಳೆಯಬೇಕು. ಸರಿಯಾಗಿ ತೊಳೆಯದಿದ್ದರೆ ಪಾಸಿಟಿವ್ ಇದ್ದದ್ದೂ ನೆಗೆಟಿವ್ ಕಾಣುತ್ತದೆ. ಜೆಲ್ ಕಾರ್ಡಿನಲ್ಲಿ ತೊಳೆಯುವ ಕೆಲಸವೇ ಇಲ್ಲ. ಬೆಳಗಿನ ಜಾವ ಸಲೈನ್ ಬಾಟಲಿ ಹಿಡಿದು ನಿಂತವರಿಗೆ ಇದರ ಬೆಲೆ ಗೊತ್ತು.

ಒಂದೇ ಗ್ರೂಪನ್ನು ಎರಡೆರಡು ಥರ ಯಾಕೆ ನೋಡುತ್ತೀರಿ?

ಕಣದ ಮೇಲೆ ಏನಿದೆ ಎಂದು ನೋಡುವುದು ಫಾರ್ವರ್ಡ್. ಪ್ಲಾಸ್ಮಾದಲ್ಲಿ ಏನಿದೆ ಎಂದು ನೋಡುವುದು ರಿವರ್ಸ್. ಎ ಗ್ರೂಪಿನವರ ಪ್ಲಾಸ್ಮಾದಲ್ಲಿ ಬಿ ವಿರುದ್ಧದ ಆಂಟಿಬಾಡಿ ಇರಲೇಬೇಕು. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ನಂಬುತ್ತೇವೆ.

ಬಾಂಬೆ ಗ್ರೂಪ್ ನೆನಪಿಟ್ಟುಕೊಳ್ಳಿ. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಜೊತೆಗಾರರು ಮುಂಬೈನಲ್ಲಿ ಗುರುತಿಸಿದ ಅಪರೂಪದ ಗ್ರೂಪ್. ಫಾರ್ವರ್ಡ್ ಮಾತ್ರ ನೋಡಿದರೆ ಥೇಟ್ ಓ. ಆದರೆ ರಿವರ್ಸ್‌ನಲ್ಲಿ ಓ ಸೆಲ್ ಹಾಕಿದರೆ ಅದೂ ಗಂಟಾಗುತ್ತದೆ. ಇವರಿಗೆ ಓ ರಕ್ತವನ್ನೂ ಕೊಡುವಂತಿಲ್ಲ, ಬಾಂಬೆ ಗ್ರೂಪಿನದೇ ಬೇಕು. ಕೆಲಸ ಜಾಸ್ತಿ ಇದ್ದ ದಿನ ‘ಓ ಸೆಲ್ ಒಂದು ಬಿಟ್ಟರೆ ಏನಾಗುತ್ತೆ’ ಎಂದು ಕೈಗೆ ಅನಿಸುತ್ತದೆ. ಓ ಸೆಲ್ ಸೇರಿಸಿ ಒಮ್ಮೆ ಸೆಟ್ ಮಾಡಿಟ್ಟರೆ ಮೆಷಿನ್ನಿಗೆ ಹಾಗೆ ಅನಿಸುವುದಿಲ್ಲ.

ಮೆಷಿನ್ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಮತ್ತೆ ಓಡಿಸಿದರೆ ಸಾಕಾ?

ಫಲಿತಾಂಶ ಖಚಿತವಿಲ್ಲ ಅನಿಸಿದಾಗ ಮೆಷಿನ್ ಆ ಚಿಹ್ನೆ ಹಾಕುತ್ತದೆ. ಇದು ಹೊಸಬರು ಕೇಳುವ ಪ್ರಶ್ನೆ. ಉತ್ತರ: ಮೊದಲು ಟ್ಯೂಬನ್ನು ಎತ್ತಿ ನೋಡಿ, ಆಮೇಲೆ ಬಟನ್.

ನಾನು ಕಂಡ ಹಾಗೆ ಅರ್ಧಕ್ಕರ್ಧ ಸಲ ತೊಂದರೆ ಸ್ಯಾಂಪಲ್‌ನಲ್ಲೇ ಇರುತ್ತದೆ. ಹೆಪ್ಪುಗಟ್ಟದಂತೆ ಮದ್ದು ಹಾಕಿರುವ ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ಹಾಕಿ ಅಲ್ಲಾಡಿಸಿರುವುದಿಲ್ಲ, ಒಳಗೆ ಹೆಪ್ಪು. ಕಡ್ಡಿ ಹಾಕಿ ತಿರುಗಿಸಿದರೆ ಮಾವಿನ ಹಣ್ಣಿನ ನಾರಿನ ಹಾಗೆ ಎಳೆ ಸುತ್ತಿಕೊಂಡು ಬರುತ್ತದೆ. ಅದೇ ಎಳೆ ಜೆಲ್ ಮೇಲೆ ಬಿದ್ದರೆ ಕಣಗಳನ್ನು ಹಿಡಿದಿಟ್ಟು ಸುಳ್ಳು ಪಾಸಿಟಿವ್ ತೋರಿಸುತ್ತದೆ. ಸೂಜಿಗೆ ಸಿಕ್ಕಿಕೊಂಡರೆ ಮೆಷಿನ್ ಕಿರುಚುತ್ತದೆ. ಸರಿಯಾದ ಸ್ಯಾಂಪಲ್ ಮತ್ತೆ ತರಿಸುವುದೇ ಮದ್ದು.

ಇನ್ನರ್ಧ ಸಲ ತೊಂದರೆ ರೋಗಿಯ ಕಥೆಯಲ್ಲಿರುತ್ತದೆ. ಹಸುಗೂಸಿಗೆ ಸ್ವಂತ ಆಂಟಿಬಾಡಿ ಇನ್ನೂ ಬಂದಿರುವುದಿಲ್ಲ, ರಿವರ್ಸ್ ಖಾಲಿ ಬರುತ್ತದೆ. ಅದಕ್ಕೇ ಮೊದಲ ನಾಲ್ಕು ತಿಂಗಳು ಫಾರ್ವರ್ಡ್ ಮಾತ್ರ ನೋಡುತ್ತೇವೆ. ಮೈಲೋಮಾ (ಒಂದು ಬಗೆಯ ರಕ್ತದ ಕ್ಯಾನ್ಸರ್) ಇರುವವರ ಪ್ಲಾಸ್ಮಾದಲ್ಲಿ ಪ್ರೋಟೀನ್ ಜಾಸ್ತಿಯಾಗಿ ಕಣಗಳು ನಾಣ್ಯ ಜೋಡಿಸಿದಂತೆ ಸಾಲಾಗಿ ನಿಲ್ಲುತ್ತವೆ. ಎ ಗ್ರೂಪಿನ ರೋಗಿಗೆ ಅವಸರದಲ್ಲಿ ಎಲ್ಲೋ ಓ ರಕ್ತ ಕೊಟ್ಟಿದ್ದರೆ, ಒಂದೇ ನಳಿಕೆಯಲ್ಲಿ ಅರ್ಧ ಕಣ ಮೇಲೆ, ಅರ್ಧ ಕೆಳಗೆ. ಮೆಷಿನ್ನಿಗೆ ಚಿತ್ರ ಕಾಣುತ್ತದೆ, ಕಥೆ ಗೊತ್ತಿರುವುದಿಲ್ಲ. ವಾರ್ಡಿಗೆ ಫೋನ್ ಮಾಡಿ ‘ಹಿಂದೆ ಯಾವಾಗ ರಕ್ತ ಹಾಕಿದ್ರಿ, ಏನು ಕಾಯಿಲೆ’ ಎಂದು ಕೇಳುವುದು ನಮ್ಮ ಕೆಲಸ.

ಮೆಷಿನ್ ಇದ್ದರೂ ರಕ್ತ ಕೊಡಲು ಒಂದು ಗಂಟೆ ಯಾಕೆ ಸರ್?

ಕೌಂಟರಿನಲ್ಲಿ ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ, ಅದೂ ಕೋಪದಲ್ಲಿ. ಕ್ರಾಸ್‌ಮ್ಯಾಚ್ ಕಾರ್ಡ್ 37 ಡಿಗ್ರಿಯಲ್ಲಿ 15 ನಿಮಿಷ ಕೂರಬೇಕು, ಆಮೇಲೆ ಸುಮಾರು 10 ನಿಮಿಷ ತಿರುಗಬೇಕು. ಅದಕ್ಕೂ ಮುಂಚೆ ಸ್ಯಾಂಪಲ್ ತಿರುಗಿಸಿ, ಗ್ರೂಪ್ ನೋಡಿ, ಬ್ಯಾಗ್ ಆರಿಸಬೇಕು. ಆಂಟಿಬಾಡಿ ಕಣಕ್ಕೆ ಅಂಟಲು ಬೇಕಾದ ಹೊತ್ತನ್ನು ಯಾವ ಮೆಷಿನ್ನೂ ಕಡಿಮೆ ಮಾಡಲಾರದು. ಕುಕ್ಕರ್ ಎಷ್ಟೇ ದುಬಾರಿಯಾದರೂ ಬೇಳೆ ಬೇಯಬೇಕಲ್ವಾ.

ನಿಜ ಹೇಳಬೇಕೆಂದರೆ ಒಂದೇ ಒಂದು ಸ್ಯಾಂಪಲ್ ಇದ್ದಾಗ ಮೆಷಿನ್ನಿಗಿಂತ ಚುರುಕು ಕೈಯೇ ಬೇಗ. ಇಪ್ಪತ್ತು ಒಟ್ಟಿಗೆ ಬಂದಾಗ ಮೆಷಿನ್ ಗೆಲ್ಲುತ್ತದೆ. ಹೆರಿಗೆಯಾಗಿ ರಕ್ತ ನಿಲ್ಲದೆ ಸುರಿಯುತ್ತಿದೆ ಎಂದರೆ ಈ ಕಾಯುವಿಕೆ ಯಾವುದೂ ಇಲ್ಲ. ಡಾಕ್ಟರ್ ಬರೆದುಕೊಟ್ಟರೆ ತುರ್ತಿನ ನಿಯಮದ ಪ್ರಕಾರ ರಕ್ತ ಮೊದಲು ಹೊರಡುತ್ತದೆ, ಪೂರ್ತಿ ಕ್ರಾಸ್‌ಮ್ಯಾಚ್ ಆಮೇಲೆ ಮುಗಿಯುತ್ತದೆ.

ಅಮೆರಿಕ, ಬ್ರಿಟನ್‌ನಂಥ ಕಡೆ ಆಂಟಿಬಾಡಿ ಸ್ಕ್ರೀನ್ ನೆಗೆಟಿವ್ ಇದ್ದವರಿಗೆ ಕಂಪ್ಯೂಟರೇ ಗ್ರೂಪ್ ತಾಳೆ ನೋಡಿ ಬ್ಯಾಗ್ ಬಿಡುವ ಪದ್ಧತಿ ಇದೆ. ನಮ್ಮಲ್ಲಿ ನಿಜವಾದ ರಕ್ತದಲ್ಲಿ ಕ್ರಾಸ್‌ಮ್ಯಾಚ್ ಮಾಡಿಯೇ ಕೊಡುತ್ತೇವೆ.

ಹಾಗಾದರೆ ಮೆಷಿನ್ ತಪ್ಪು ಮಾಡೋದೇ ಇಲ್ವಾ?

ಲೇಬಲ್ ಮೇಲೆ ಏನಿದೆಯೋ ಅದನ್ನು ಮೆಷಿನ್ ಕಣ್ಣು ಮುಚ್ಚಿ ನಂಬುತ್ತದೆ. ಎಲ್ಲ ಕಥೆ ಇಲ್ಲಿದೆ.

ವಾರ್ಡಿನಲ್ಲಿ ಏನಾಗುತ್ತದೆ ನೋಡಿ. ಬೆಳಗಿನ ರೌಂಡ್ಸ್ ಮುಗಿದಿದೆ. ಸಿಸ್ಟರ್ ಒಬ್ಬರೇ, ಮೂವರ ರಕ್ತ ತೆಗೆಯಬೇಕು. ಬೇಗ ಆಗಲಿ ಎಂದು ಮೂರು ಟ್ಯೂಬಿಗೂ ಮೊದಲೇ ಹೆಸರು ಬರೆದು ಟ್ರೇಯಲ್ಲಿ ಇಡುತ್ತಾರೆ. ಒಂದು ವಾರ್ಡ್ ಎಂದರೆ ಲಕ್ಷ್ಮಮ್ಮ ಹೆಸರಿನವರು ಇಬ್ಬರಾದರೂ ಇರುತ್ತಾರೆ. ‘ಲಕ್ಷ್ಮಮ್ಮ ಅಂದ್ರೆ ನೀವೇನಾ?’ ಎಂದು ಕೇಳಿದರೆ ನಿದ್ದೆಗಣ್ಣಲ್ಲಿ ಯಾರಾದರೂ ‘ಹೂಂ’ ಅನ್ನುತ್ತಾರೆ. ಟ್ಯೂಬು ಅದಲು ಬದಲಾಯಿತು. ಅದನ್ನು ರೋಗಿಯ ಮಗನ ಕೈಯಲ್ಲಿ ಕೊಟ್ಟು ಬ್ಲಡ್ ಬ್ಯಾಂಕಿಗೆ ಕಳಿಸಿದರು. ನಮ್ಮ ಮೆಷಿನ್ ಆ ಟ್ಯೂಬಿನ ಗ್ರೂಪನ್ನು ನೂರಕ್ಕೆ ನೂರು ಸರಿಯಾಗಿ ಹೇಳುತ್ತದೆ. ಕ್ರಾಸ್‌ಮ್ಯಾಚ್ ಕೂಡ ಸರಿಯಾಗಿಯೇ ಹೊಂದುತ್ತದೆ. ಆದರೆ ಅದು ಪಕ್ಕದ ಮಂಚದವರ ರಕ್ತ.

ಗ್ರೂಪ್ ತಪ್ಪಿ ರಕ್ತ ಕೊಟ್ಟು ಆದ ಅನಾಹುತಗಳ ಹಿಂದೆ ಲ್ಯಾಬಿನ ಟೆಸ್ಟ್ ತಪ್ಪಿಗಿಂತ ಹೀಗೆ ಗುರುತು ತಪ್ಪಿದ್ದೇ ಜಾಸ್ತಿ ಎಂದು ಬೇರೆ ಬೇರೆ ದೇಶಗಳ ಅನುಭವ ಹೇಳುತ್ತದೆ. ಇದನ್ನು ಹಿಡಿಯಲು ಎರಡು ಗಟ್ಟಿ ದಾರಿ ಇವೆ. ಹಳೆಯ ದಾಖಲೆಯಲ್ಲಿ ಈ ರೋಗಿಯ ಗ್ರೂಪ್ ಏನಿತ್ತು ಎಂದು ಕಂಪ್ಯೂಟರ್ ತಾಳೆ ನೋಡುವುದು ಒಂದು. ಮೊದಲ ಸಲ ಬಂದವರಾದರೆ ಇನ್ನೊಂದು ಹೊತ್ತಿನಲ್ಲಿ ಇನ್ನೊಬ್ಬರು ತೆಗೆದ ಎರಡನೇ ಸ್ಯಾಂಪಲ್ ಕೇಳುವುದು ಇನ್ನೊಂದು. ಎರಡನೇ ಸ್ಯಾಂಪಲ್ ಕೇಳಿದಾಗ ರೋಗಿಯ ಕಡೆಯವರು ‘ಒಂದು ಸಲ ಚುಚ್ಚಿದ್ದು ಸಾಲದಾ?’ ಅನ್ನುತ್ತಾರೆ. ಸಾಲದು. ದಯವಿಟ್ಟು ಕೊಡಿ.

ಇನ್ನೊಂದು ಸಣ್ಣ ವಿಷಯ. ಸಿಸ್ಟರ್ ‘ನೀವು ಇಂಥವರೇನಾ?’ ಎಂದು ಕೇಳಿದರೆ, ತಲೆ ಆಡಿಸಬೇಡಿ. ಪೂರ್ತಿ ಹೆಸರು ಬಾಯಿಬಿಟ್ಟು ಹೇಳಿ.

ಬ್ಯಾಗಿನ ಮೇಲಿನ ಬಾರ್‌ಕೋಡ್ ಅಂಗಡಿಯ ಸೋಪಿನ ಮೇಲಿನದೇ ಥರಾನಾ?

ಗೆರೆ ಓದುವ ಉಪಾಯ ಅದೇ, ಒಳಗಿನ ಮಾಹಿತಿ ಬೇರೆ. ಒಂದೇ ಬ್ರ್ಯಾಂಡಿನ ಸೋಪಿಗೆಲ್ಲ ಒಂದೇ ಕೋಡ್, ಇಲ್ಲಿ ಒಂದೊಂದು ದಾನಕ್ಕೂ ಬೇರೆ ನಂಬರ್. ಅದೇ ನಂಬರ್ ಬ್ಯಾಗಿಗೆ, ಸ್ಯಾಂಪಲ್ ಟ್ಯೂಬುಗಳಿಗೆ, ದಾನಿಯ ಫಾರಂಗೆ ಒಟ್ಟಿಗೇ ಅಂಟಬೇಕು. ಅದೂ ದಾನಿ ಮಂಚದ ಮೇಲೆ ಇರುವಾಗಲೇ. ಆಮೇಲೆ ಅಂಟಿಸೋಣ ಎಂದು ಸ್ಟಿಕರನ್ನು ಏಪ್ರನ್ ಮೇಲೆ ಹಚ್ಚಿಕೊಂಡು ಓಡಾಡುವವರನ್ನು ನೋಡಿದ್ದೇನೆ. ನೋಡಿದರೇ ಮೈ ಜುಮ್ಮೆನ್ನುತ್ತದೆ. ಜಗತ್ತಿನ ಹಲವು ದೇಶಗಳಲ್ಲಿ ಐಎಸ್‌ಬಿಟಿ 128 ಎಂಬ ಒಂದೇ ಕ್ರಮದ ಕೋಡ್ ಬಳಕೆಯಲ್ಲಿದೆ.

ಸೋಂಕಿನ ಟೆಸ್ಟ್‌ಗೂ ಇದೇ ಮೆಷಿನ್ನಾ?

ಬೇರೆ. ಎಲಿಸಾ ಎಂಬ ಟೆಸ್ಟ್‌ನಲ್ಲಿ 96 ಗುಳಿಗಳ ಪ್ಲೇಟ್ ಇರುತ್ತದೆ. ಸ್ಯಾಂಪಲ್ ಹಾಕಿ, ಕಾಯಿಸಿ, ತೊಳೆದು, ಬಣ್ಣ ಬರುವ ದ್ರಾವಣ ಹಾಕಿದಾಗ ರಿಯಾಕ್ಟಿವ್ ಆದ, ಅಂದರೆ ಸೋಂಕಿನ ಸುಳಿವು ಸಿಕ್ಕ ಗುಳಿ ನೀಲಿಯಾಗುತ್ತದೆ. ಕೊನೆಗೆ ಆಸಿಡ್ ಬಿದ್ದ ಕೂಡಲೇ ಹಳದಿಗೆ ತಿರುಗುತ್ತದೆ. ಅದರ ಗಾಢತೆಯನ್ನು ರೀಡರ್ ಅಂಕಿಯಲ್ಲಿ ಕೊಡುತ್ತದೆ. ಕೈಯಲ್ಲಿ ಪಿಪೆಟ್ ಹಿಡಿದು ಮಾಡಿದರೆ 60ನೇ ಗುಳಿ ಹೊತ್ತಿಗೆ ‘ಇದಕ್ಕೆ ಹಾಕಿದೆನಾ ಇಲ್ವಾ’ ಎಂಬ ಅನುಮಾನ ಬರುತ್ತದೆ. ಕೆಮಿಲ್ಯುಮಿನಿಸೆನ್ಸ್ ಮೆಷಿನ್‌ಗಳಲ್ಲಿ ಬಣ್ಣದ ಬದಲು ಬೆಳಕನ್ನು ಅಳೆಯುತ್ತಾರೆ. ಪ್ಲೇಟ್ ತುಂಬುವ ತನಕ ಕಾಯಬೇಕಿಲ್ಲ, ಬಂದ ಸ್ಯಾಂಪಲ್ ಬಂದ ಹಾಗೇ ಹಾಕಬಹುದು.

ಇದರ ಮೇಲೆ ನ್ಯಾಟ್. ಇದು ವೈರಸ್ಸಿನ ವಂಶದ್ರವ್ಯವನ್ನೇ ಹುಡುಕುತ್ತದೆ. ಸೋಂಕು ತಗುಲಿದ ಮೇಲೆ ಟೆಸ್ಟ್‌ಗೆ ಸಿಗದ ಕೆಲವು ದಿನ ಇರುತ್ತವಲ್ಲ, ಅದನ್ನು ವಿಂಡೋ ಪೀರಿಯಡ್ ಅನ್ನುತ್ತೇವೆ. ಎಚ್‌ಐವಿಯಲ್ಲಿ ಆಂಟಿಬಾಡಿ ಮಾತ್ರ ನೋಡಿದರೆ ಅದು ಸುಮಾರು ಮೂರು ವಾರ, ನ್ಯಾಟ್‌ನಲ್ಲಿ ಸುಮಾರು ಹತ್ತು ಹನ್ನೊಂದು ದಿನ. ಹೆಪಟೈಟಿಸ್ ಸಿ ವಿಷಯದಲ್ಲಿ ಲಾಭ ಇನ್ನೂ ದೊಡ್ಡದು, ಸುಮಾರು ಎರಡು ತಿಂಗಳಿದ್ದದ್ದು ಒಂದು ವಾರದ ಹತ್ತಿರಕ್ಕೆ ಇಳಿಯುತ್ತದೆ. ಖರ್ಚು ಜಾಸ್ತಿ ಎಂದು ಕೆಲವು ಕಡೆ ಆರು ಸ್ಯಾಂಪಲ್ ಒಟ್ಟು ಸೇರಿಸಿ ನೋಡುತ್ತಾರೆ. ರಿಯಾಕ್ಟಿವ್ ಬಂದರೆ ಒಂದೊಂದಾಗಿ ಬಿಡಿಸುತ್ತಾರೆ.

ನ್ಯಾಟ್‌ನಲ್ಲೂ ವಿಂಡೋ ಪೂರ್ತಿ ಮುಚ್ಚುವುದಿಲ್ಲ. ಅದಕ್ಕೇ ಕ್ಯಾಂಪಿನಲ್ಲಿ ಕೊಡುವ ಫಾರಂನ ಪ್ರಶ್ನೆಗಳಿಗೆ ಮುಜುಗರಪಡದೆ ನಿಜ ಬರೆಯಿರಿ. ಎಚ್‌ಐವಿ ಟೆಸ್ಟ್ ಪುಕ್ಕಟೆ ಆಗುತ್ತೆ ಎಂದು ರಕ್ತ ಕೊಡಲು ಬರಬೇಡಿ. ಅದಕ್ಕೆ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಎಂಬ ಸಮಾಲೋಚನೆ ಮತ್ತು ಟೆಸ್ಟ್ ಕೇಂದ್ರದಲ್ಲಿ ಉಚಿತವಾಗಿ, ಗುಟ್ಟಾಗಿ ಟೆಸ್ಟ್ ಮಾಡುತ್ತಾರೆ.

ನಮ್ಮದು ಚಿಕ್ಕ ಬ್ಲಡ್ ಬ್ಯಾಂಕ್. ಮೆಷಿನ್ ತಗೋಬೇಕಾ?

ಮೆಷಿನ್ ಸಿಗುವುದು ಕಷ್ಟವಲ್ಲ, ಸಾಕುವುದು ಕಷ್ಟ. ಎಷ್ಟೋ ಕಡೆ ಕಂಪನಿಯವರು ಮೆಷಿನ್ ಸುಮ್ನೆ ತಂದು ಇಟ್ಟು ಹೋಗುತ್ತಾರೆ, ಕಾರ್ಡ್ ಮತ್ತು ರಿಯೇಜೆಂಟ್ (ಟೆಸ್ಟಿನ ದ್ರಾವಣ) ಅವರ ಹತ್ತಿರವೇ ಕೊಳ್ಳಬೇಕು. ತಿಂಗಳಿಗೆ ಇಷ್ಟು ಟೆಸ್ಟ್ ಮಾಡಲೇಬೇಕು ಎಂಬ ಷರತ್ತೂ ಇರಬಹುದು. ಅದನ್ನು ಓದದೆ ಸಹಿ ಹಾಕಬೇಡಿ. ರಿವರ್ಸ್ ಗ್ರೂಪಿಂಗ್‌ನ ರೆಡಿಮೇಡ್ ಸೆಲ್‌ಗಳಿಗೆ ಕೆಲವೇ ವಾರಗಳ ಆಯಸ್ಸು. ದಿನಕ್ಕೆ ಐದಾರು ಸ್ಯಾಂಪಲ್ ಇರುವ ಕಡೆ ಅರ್ಧ ಬಾಟಲಿ ಚೆಲ್ಲುವುದೇ ಆಗುತ್ತದೆ.

ನನ್ನನ್ನು ಕೇಳಿದರೆ, ಚಿಕ್ಕ ಕಡೆ ಮೊದಲು ಕೈಯಲ್ಲಿ ಮಾಡುವ ಜೆಲ್ ಕಾರ್ಡ್, ಒಂದು ಸಣ್ಣ ಇನ್‌ಕ್ಯುಬೇಟರ್, ಕಾರ್ಡ್ ಸೆಂಟ್ರಿಫ್ಯೂಜ್, ಜೊತೆಗೆ ಒಂದು ಬಾರ್‌ಕೋಡ್ ಪ್ರಿಂಟರ್ ಮತ್ತು ಸ್ಕ್ಯಾನರ್. ಪ್ರಿಂಟರ್ ಮಾತ್ರ ಬಿಡಬೇಡಿ. ನಂಬರ್ ಕೈಯಲ್ಲಿ ಬರೆಯುವುದು ನಿಂತರೆ ಅರ್ಧ ಯುದ್ಧ ಗೆದ್ದಂತೆ.

ಬಂದ ದಿನವೇ ಮೆಷಿನ್ ರಿಪೋರ್ಟ್ ಕೊಡಬಹುದಾ?

ಕೊಡಬಾರದು. ಹಳೆಯ ವಿಧಾನ, ಹೊಸ ಮೆಷಿನ್ ಎರಡರಲ್ಲೂ ಒಂದೇ ಸ್ಯಾಂಪಲ್ ಹಾಕಿ ತಾಳೆ ನೋಡಬೇಕು. ಸುಲಭದ ಓ ಪಾಸಿಟಿವ್ ನೂರು ಹಾಕಿ ‘ಎಲ್ಲಾ ಸರಿ ಬಂತು’ ಅಂದರೆ ಪ್ರಯೋಜನವಿಲ್ಲ. ವೀಕ್ ಡಿ (ಡಿ ತೆಳುವಾಗಿರುವುದು), ಎ2 (ಎ ಗ್ರೂಪಿನ ದುರ್ಬಲ ಬಗೆ), ನವಜಾತ ಶಿಶು, ಕೊಬ್ಬಿನಿಂದ ಹಾಲಿನಂತಾದ ಪ್ಲಾಸ್ಮಾ, ಇಂಥವನ್ನು ಹುಡುಕಿ ಹಾಕಬೇಕು. ಫಲಿತಾಂಶ ಕಂಪ್ಯೂಟರಿಗೆ ಹೋಗುವಾಗ ಅಕ್ಷರ ಬದಲಾಗುತ್ತದಾ ಎಂದೂ ನೋಡಬೇಕು. ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಮತ್ತೆ ಇದೇ ಕೆಲಸ. ದಿನಾ ಬೆಳಿಗ್ಗೆ ಉತ್ತರ ಗೊತ್ತಿರುವ ಕಂಟ್ರೋಲ್ ಹಾಕಿಯೇ ಶುರು ಮಾಡಬೇಕು. ಅದು ತಪ್ಪಿದರೆ ಹೊರಗೆ ಎಷ್ಟೇ ಜನ ಕಾಯುತ್ತಿರಲಿ, ರಿಪೋರ್ಟ್ ಇಲ್ಲ.

ಹಳೇ ಕಾರ್ಡಿನಲ್ಲಿ ನಾನು ಓ ನೆಗೆಟಿವ್. ನಿಮ್ಮ ಮೆಷಿನ್ ಓ ಪಾಸಿಟಿವ್ ಅನ್ನುತ್ತೆ. ಯಾವುದು ಸುಳ್ಳು?

ಎರಡೂ ಸುಳ್ಳಲ್ಲದೆ ಇರಬಹುದು. ಕೆಲವರ ಕಣಗಳ ಮೇಲೆ ಡಿ ಇರುತ್ತದೆ, ಆದರೆ ತೆಳುವಾಗಿ. ಟೈಲ್ ಮೇಲೆ ಕಾಣದ್ದು ಕೂಂಬ್ಸ್‌ನಲ್ಲಿ ಕಾಣುತ್ತದೆ. ಇದನ್ನು ವೀಕ್ ಡಿ ಅನ್ನುತ್ತೇವೆ. ದಾನಿಯಾಗಿ ನೀವು ಪಾಸಿಟಿವ್, ಯಾಕೆಂದರೆ ಆ ಸ್ವಲ್ಪ ಡಿ ಕೂಡ ನೆಗೆಟಿವ್ ರೋಗಿಯಲ್ಲಿ ಆಂಟಿಬಾಡಿ ಹುಟ್ಟಿಸಬಹುದು. ನಿಮಗೇ ರಕ್ತ ಬೇಕಾದಾಗ ಸಾಮಾನ್ಯವಾಗಿ ನೆಗೆಟಿವ್ ಕೊಡುತ್ತಾರೆ. ಹಳೇ ಕಾರ್ಡ್ ಹರಿದು ಹಾಕಬೇಡಿ, ಎರಡನ್ನೂ ಡಾಕ್ಟರಿಗೆ ತೋರಿಸಿ.

ಮೆಷಿನ್ ಬಂದ ಮೇಲೆ ಟೆಕ್ನಿಷಿಯನ್ ಕೆಲಸ ಹೋಗುತ್ತಾ?

ನಮ್ಮಲ್ಲಿ ಯಾರದೂ ಹೋಗಿಲ್ಲ. ಮೊದಲು ನಾಲ್ಕು ಜನ ಕೂತು ಹನಿ ಹಾಕುತ್ತಿದ್ದೆವು. ಈಗ ಒಬ್ಬರು ಮೆಷಿನ್ ಹತ್ತಿರ, ಉಳಿದವರು ಪ್ಲೇಟ್‌ಲೆಟ್ ಬೇರ್ಪಡಿಸುವುದು, ಕ್ಯಾಂಪಿಗೆ ಹೋಗುವುದು, ಕಷ್ಟದ ಸ್ಯಾಂಪಲ್ ಬಿಡಿಸುವುದು. ನನಗೆ ಇರುವ ಚಿಂತೆ ಬೇರೆ. ಈಗ ಸೇರುವ ಹುಡುಗರು ಟ್ಯೂಬಿನಲ್ಲಿ 1+ ಹೇಗಿರುತ್ತದೆ ಎಂದು ಕಣ್ಣಾರೆ ನೋಡಿರುವುದೇ ಇಲ್ಲ.

ರಾತ್ರಿ ಮೂರು ಗಂಟೆಗೆ ಮೆಷಿನ್ ಕೆಟ್ಟು ನಿಂತರೆ?

ನಿಲ್ಲುತ್ತದೆ. ಗುಡುಗು ಮಳೆಯ ರಾತ್ರಿಯೇ ನಿಲ್ಲುತ್ತದೆ. ಯುಪಿಎಸ್ ಮೆಷಿನ್ನನ್ನು ಸ್ವಲ್ಪ ಹೊತ್ತು ಹಿಡಿದುಕೊಳ್ಳುತ್ತದೆ, ಅಷ್ಟರಲ್ಲಿ ಜನರೇಟರ್ ಬರಬೇಕು. ಬರದಿದ್ದರೆ ಅರ್ಧಕ್ಕೆ ನಿಂತ ಕಾರ್ಡುಗಳನ್ನು ಎಸೆಯಬೇಕು, ಮುಂದುವರಿಸುವಂತಿಲ್ಲ. ಕಂಪನಿಯ ಎಂಜಿನಿಯರ್ ಫೋನಿನಲ್ಲಿ ‘ಸರ್, ಆಫ್ ಮಾಡಿ ಆನ್ ಮಾಡಿ’ ಅನ್ನುತ್ತಾರೆ. ಬೆಳಗಿನ ಬಸ್ಸಿಗೆ ಹೊರಟರೂ ತಲುಪುವುದು ಮಧ್ಯಾಹ್ನ.

ಅದಕ್ಕೇ ನಮ್ಮಲ್ಲಿ ತಿಂಗಳಿಗೊಂದು ದಿನ ಮೆಷಿನ್ ಪಕ್ಕಕ್ಕಿಟ್ಟು ಕೈಯಲ್ಲಿ ಮಾಡಿಸುತ್ತೇವೆ. ನೀಲಿ ಆಂಟಿ-ಎ, ಹಳದಿ ಆಂಟಿ-ಬಿ, ಬಣ್ಣವಿಲ್ಲದ ಆಂಟಿ-ಡಿ ಬಾಟಲಿಗಳು ಫ್ರಿಜ್ಜಿನ ಬಾಗಿಲ ಪಕ್ಕದ ಟ್ರೇಯಲ್ಲಿ ಸದಾ ಇರಬೇಕು. ದಿನಾಂಕ ಮುಗಿಯದವು, ತೆರೆದ ದಿನ ಬರೆದವು. ಪಕ್ಕದಲ್ಲಿ ಟ್ಯೂಬ್, ಸಲೈನ್, ಕೂಂಬ್ಸ್ ಸೀರಂ, ಹಳೆಯ ರಿಜಿಸ್ಟರ್. ಅದರ ಮೇಲೆ ಒಂದು ಸ್ಟೀಲ್ ಸ್ಕೇಲ್.